ಕಯಾಕ್ ಹುಟ್ಟು ಹಾಕುವುದು ಹೇಗೆ? ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಸೀತಾ ಮತ್ತು ಸುವರ್ಣಾ ನದಿಗಳು ಕೋಡಿ ಬೆಂಗ್ರೆಯ ಹತ್ತಿರ ಕಡಲು ಸೇರುವ ಹಿನ್ನೀರಿನಲ್ಲಿ, ಹೊನ್ನಾವರದ ಶರಾವತಿಯಲ್ಲಿ ಈಗ ರಜೆ ಬಂದರೆ ಸಾಕು, ಒಬ್ಬರೋ ಇಬ್ಬರೋ ಕೂತು ಹುಟ್ಟು ಹಾಕುವ ಬಣ್ಣಬಣ್ಣದ ಸಣ್ಣ ದೋಣಿಗಳಾದ ಕಯಾಕ್‌ಗಳು ಕಾಣುತ್ತವೆ. ಹತ್ತುವವರಲ್ಲಿ ಹೆಚ್ಚಿನವರಿಗೆ ಸಿಗುವ ಪಾಠ ಐದು ನಿಮಿಷದ್ದು: "ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಹಾಕಿ, ಅಷ್ಟೇ." ಅರ್ಧ ಗಂಟೆಯೊಳಗೆ ಭುಜ ಹಿಡಿದುಕೊಳ್ಳುತ್ತದೆ, ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ನುಗ್ಗುತ್ತದೆ, "ನನಗೆ ತೋಳಿನಲ್ಲಿ ಬಲವಿಲ್ಲ" ಎಂದು ಬೇಸರದಿಂದ ಇಳಿದು ಹೋಗುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೊರತೆ ಇದ್ದದ್ದು ಬಲದ್ದಲ್ಲ, ಯಾರೂ ಸರಿಯಾಗಿ ಹೇಳಿಕೊಡದೆ ಇದ್ದದ್ದು. ನನ್ನ ಜೊತೆ ನೀರಿಗಿಳಿದ ಹೊಸಬರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ನಿಂತ ನೀರಿಗೆ, ನಿಧಾನವಾಗಿ ಹರಿಯುವ ಹಿನ್ನೀರಿಗೆ ಅನ್ವಯಿಸುತ್ತವೆ.

ಈಜು ಬಾರದವರು ಕಯಾಕ್ ಕಲಿಯಬಹುದೇ?

ಬಲ್ಲವರ ಜೊತೆಯಲ್ಲಿ, ಎದೆಮಟ್ಟದ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು ಕಲಿಯಬಹುದು. ಒಬ್ಬರೇ ಹೋಗಕೂಡದು. ಈಜು ಬಂದವರಿಗೂ ಲೈಫ್ ಜಾಕೆಟ್ ಬೇಕೇ ಬೇಕು. ಬಕಲ್‌ಗಳನ್ನೆಲ್ಲ ಹಾಕಿ, ಪಟ್ಟಿಗಳನ್ನು ಬಿಗಿದ ಮೇಲೆ ಜೊತೆಯವರಿಗೆ ನಿಮ್ಮ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ನೀವು ಅದರೊಳಗೆ ಜಾರುತ್ತೀರಿ. ಬೇರೆ ಅಳತೆಯದ್ದು ಕೇಳಿ ಪಡೆಯಿರಿ, ಸಂಕೋಚ ಬೇಡ.

ಈಜಿಗಿಂತ ಮೊದಲು ನೋಡಬೇಕಾದ್ದು ಇನ್ನೊಂದಿದೆ. ಮುಖ ನೀರಿನಲ್ಲಿ ಮುಳುಗಿದಾಗ ಗಾಬರಿಯಾಗುತ್ತದೆಯೇ? ಆಗುತ್ತದೆಂದಾದರೆ ಮೊದಲು ಲೈಫ್ ಜಾಕೆಟ್ ತೊಟ್ಟು ದಡದ ಪಕ್ಕದಲ್ಲೇ ಹತ್ತು ನಿಮಿಷ ತೇಲಿ ನೋಡಿ. ಜಾಕೆಟ್ ಹೊತ್ತುಕೊಳ್ಳುತ್ತದೆ ಎಂದು ಮೈಗೆ ಗೊತ್ತಾದ ಮೇಲೆ ಉಳಿದ ಪಾಠವೆಲ್ಲ ಬೇಗ ಹತ್ತುತ್ತದೆ.

ಇದು ನಮ್ಮ ದೋಣಿ, ಹರಿಗೋಲಿಗಿಂತ ಹೇಗೆ ಬೇರೆ?

ಕಯಾಕ್ ಹುಟ್ಟಿದ್ದು ಉತ್ತರ ಧ್ರುವದ ಸುತ್ತಮುತ್ತಲಿನ ಹಿಮದ ನಾಡುಗಳಲ್ಲಿ. ಅಲ್ಲಿನ ಇನ್ಯೂಟ್ ಮತ್ತು ಅಲ್ಯೂಟ್ ಜನ ಕಡಲಲ್ಲಿ ತೇಲಿಬಂದ ಮರ ಮತ್ತು ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಬೇಟೆಗೆ ಇದನ್ನು ಕಟ್ಟುತ್ತಿದ್ದರು. ಅಳತೆ ತೆಗೆದುಕೊಳ್ಳುತ್ತಿದ್ದುದು ಕೂರುವವನ ಮೈಯಿಂದಲೇ: ಉದ್ದ ಸುಮಾರು ಮೂರು ಮಾರು, ಅಗಲ ಸೊಂಟದ ಅಗಲದ ಜೊತೆಗೆ ಎರಡು ಮುಷ್ಟಿ. ಅಂಗಿ ಹೊಲಿಸಿಕೊಂಡ ಹಾಗೆ. ಇಂದಿನ ಪ್ಲಾಸ್ಟಿಕ್ ಕಯಾಕ್‌ನಲ್ಲೂ ಆ ಗುಣ ಉಳಿದಿದೆ. ಅದು ನಿಮ್ಮ ಸೊಂಟಕ್ಕೆ ಅಂಟಿದ ದೋಣಿ, ಸೊಂಟ ವಾಲಿದರೆ ಅದೂ ವಾಲುತ್ತದೆ.

ಕಯಾಕ್‌ನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುತ್ತೇವೆ, ಅದರ ಹುಟ್ಟಾದ ಪ್ಯಾಡಲ್‌ಗೆ ಎರಡು ತುದಿಯಲ್ಲೂ ಅಲಗು. ಕನೂ ಎಂಬ ಇನ್ನೊಂದು ಬಗೆಯಲ್ಲಿ ಮಂಡಿಯೂರಿ ಅಥವಾ ಎತ್ತರದ ಹಲಗೆಯಲ್ಲಿ ಕೂತು ಒಂದೇ ಅಲಗಿನ ಹುಟ್ಟು ಹಾಕುತ್ತಾರೆ. ಒಲಿಂಪಿಕ್ಸ್‌ನಲ್ಲಿ 1936ರ ಬರ್ಲಿನ್ ಕೂಟದಿಂದ ಎರಡಕ್ಕೂ ಪದಕಗಳಿವೆ. ಹಂಪಿಯ ಹರಿಗೋಲು ಗುಂಡಗಿರುವುದರಿಂದ ಅದಕ್ಕೆ ಮುಂದೆ, ಹಿಂದೆ ಎಂಬುದೇ ಇಲ್ಲ. ಅಂಬಿಗ ಹುಟ್ಟನ್ನು ಮುಂದೆ ಇಳಿಸಿ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಾನೆ. ಆ ಸೆಳೆತವನ್ನು ಗಮನವಿಟ್ಟು ನೋಡಿದವರಿಗೆ ಕಯಾಕ್‌ನ ಅರ್ಧ ವಿದ್ಯೆ ಅರ್ಥವಾಗಿರುತ್ತದೆ.

ಕಲಿಯಲು ಯಾವ ಕಯಾಕ್ ಒಳ್ಳೆಯದು?

ಮೇಲೆ ಕೂರುವ ಬಗೆಯದ್ದು, ಅಂದರೆ ಸಿಟ್-ಆನ್-ಟಾಪ್. ಅಗಲವಾಗಿರುತ್ತದೆ, ಸುಲಭಕ್ಕೆ ಮಗುಚುವುದಿಲ್ಲ, ಮಗುಚಿದರೂ ನೀವು ಒಳಗೆ ಸಿಕ್ಕಿಕೊಳ್ಳುವುದಿಲ್ಲ. ತಳದ ತೂತುಗಳಿಂದ ನೀರು ತಾನಾಗಿಯೇ ಇಳಿದುಹೋಗುತ್ತದೆ. ಒಳಗೆ ಕಾಲು ತೂರಿಸಿ ಕೂರುವ ಉದ್ದನೆಯ ಕಯಾಕ್ ವೇಗವಾಗಿ ಹೋಗುತ್ತದೆ, ಆದರೆ ಅದರಿಂದ ಹೊರಬರುವುದನ್ನು ಬೇರೆಯಾಗಿ ಕಲಿಯಬೇಕು.

ಪ್ಯಾಡಲ್ ಎಷ್ಟು ಉದ್ದ ಇರಬೇಕು?

ಅಗಲದ ಸಿಟ್-ಆನ್-ಟಾಪ್‌ಗೆ 230 ಸೆಂಟಿಮೀಟರ್ ಆಸುಪಾಸು. ಸಪೂರ ಕಯಾಕ್‌ಗೆ, ಮಧ್ಯಮ ಎತ್ತರದವರಿಗೆ 210ರಿಂದ 220 ಸಾಕು. ಉದ್ದ ಕಡಿಮೆಯಾದರೆ ಪ್ರತಿ ಸಲವೂ ಬೆರಳಗಂಟು ದೋಣಿಯ ಅಂಚಿಗೆ ಬಡಿಯುತ್ತದೆ, ನೀರು ಮುಟ್ಟಲು ಪಕ್ಕಕ್ಕೆ ಬಾಗಬೇಕಾಗುತ್ತದೆ. ಹೆಚ್ಚಾದರೆ ಅಲಗು ದೋಣಿಯಿಂದ ದೂರ ಓಡಾಡಿ ದೋಣಿಯ ಮೂತಿಯನ್ನು, ಅಂದರೆ ಮುಂತುದಿಯನ್ನು, ಆಚೀಚೆ ತಿರುಗಿಸುತ್ತಿರುತ್ತದೆ. ಸ್ವಂತಕ್ಕೆ ಕೊಳ್ಳುವವರು ದೋಣಿಯ ಬಣ್ಣಕ್ಕಿಂತ ಪ್ಯಾಡಲ್‌ನ ತೂಕ ನೋಡಿ. ಒಂದು ಗಂಟೆಯಲ್ಲಿ ಅದನ್ನು ಸಾವಿರಕ್ಕೂ ಹೆಚ್ಚು ಸಲ ಎತ್ತಬೇಕಾಗುತ್ತದೆ.

ಪ್ಯಾಡಲ್ ಹಿಡಿಯುವುದು ಹೇಗೆ? ಯಾವ ಮುಖ ಯಾವ ಕಡೆ?

ಪ್ಯಾಡಲನ್ನು ಅಡ್ಡಲಾಗಿ ನೆತ್ತಿಯ ಮೇಲಿಟ್ಟುಕೊಳ್ಳಿ. ಎರಡೂ ಮೊಣಕೈ ಚೌಕಾಕಾರದಲ್ಲಿ ಮಡಚಿಕೊಳ್ಳುವಂತೆ ಕೈಗಳನ್ನು ಸರಿಸಿ. ನಿಮ್ಮ ಹಿಡಿತದ ಜಾಗ ಅದೇ. ಈಗ ಎದೆಯ ಮುಂದಕ್ಕೆ ಇಳಿಸಿ. ಅಲಗಿನ ಒಳಗೆ ಬಾಗಿದ ಮುಖ ನಿಮ್ಮ ಕಡೆಗಿರಬೇಕು. ಅಲಗಿನ ಅಂಚುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಇದ್ದರೆ ಉದ್ದದ್ದು ಮೇಲೆ. ಬೆರಳಗಂಟುಗಳು ಆ ಮೇಲಿನ ಅಂಚಿನ ನೇರಕ್ಕೆ ಬರಲಿ. ಹೊಸಬರಲ್ಲಿ ಎಷ್ಟೋ ಜನ ಅಲಗನ್ನು ತಿರುವುಮುರುವಾಗಿ ಹಿಡಿದೇ ಇಡೀ ಹೊಳೆ ಸುತ್ತಿ ಬಂದಿರುತ್ತಾರೆ, ಯಾರೂ ಹೇಳಿರುವುದಿಲ್ಲ.

ಹಿಡಿತ ಬಿಗಿಯಾಗುವುದು ಬೇಡ. ಹೆಬ್ಬೆರಳು ಮತ್ತು ತೋರುಬೆರಳು ಉಂಗುರದಂತೆ ಸುತ್ತಿಕೊಂಡಿರಲಿ, ಉಳಿದ ಬೆರಳುಗಳು ಸುಮ್ಮನೆ ತಾಗಿಕೊಂಡಿರಲಿ. ಅಂಗೈಯಲ್ಲಿ ಗುಳ್ಳೆ ಏಳುವುದು, ಮಣಿಕಟ್ಟು ನೋಯುವುದು ಬಹುತೇಕ ಬಿಗಿ ಹಿಡಿತದಿಂದ. ಕೆಲವು ಪ್ಯಾಡಲ್‌ಗಳಲ್ಲಿ ಎರಡು ಅಲಗುಗಳನ್ನು ಒಂದಕ್ಕೊಂದು ಓರೆಯಾಗಿ ಕೂರಿಸಬಹುದು, ಎದುರುಗಾಳಿಗೆ ಅದು ಅನುಕೂಲ. ನೀವು ಮೊದಲ ದಿನಗಳಲ್ಲಿ ಎರಡನ್ನೂ ಸಮವಾಗಿಯೇ ಇಟ್ಟುಕೊಳ್ಳಿ.

ಕೂರುವುದರಲ್ಲೂ ಕಲಿಯುವುದಿದೆಯೇ?

ಇದೆ, ಬಹಳ ಇದೆ. ಬೆನ್ನಿನ ಪಟ್ಟಿಗೆ ಒರಗಿ ಆರಾಮಕುರ್ಚಿಯಲ್ಲಿ ಕೂತಂತೆ ಕೂತರೆ ಸೊಂಟ ತಿರುಗುವುದಿಲ್ಲ. ಬೆನ್ನು ನೆಟ್ಟಗೆ, ಒಂದಿಷ್ಟೇ ಮುಂದಕ್ಕೆ ಇರಲಿ. ಊಟಕ್ಕೆ ನೆಲದ ಮೇಲೆ ಕೂತಾಗ ಎಲೆಯ ಕಡೆಗೆ ಬಾಗುತ್ತೇವಲ್ಲ, ಅಷ್ಟು. ಪಾದದ ಮುಂಭಾಗ ಕಾಲಿನ ಆನಿಕೆಗೆ ತಾಗಿರಲಿ, ಮಂಡಿ ಸ್ವಲ್ಪ ಮಡಚಿ ಹೊರಕ್ಕೆ ವಾಲಿರಲಿ. ಕಾಲು ಪೂರ್ತಿ ಚಾಚಿದ್ದರೆ ಆನಿಕೆಯನ್ನು ಹತ್ತಿರಕ್ಕೆ ಸರಿಸಿಕೊಳ್ಳಿ. ಕಾಲಿಗೆ ಆಧಾರವಿಲ್ಲದಿದ್ದರೆ ನೀವು ಹಾಕಿದ ಬಲ ದೋಣಿಗೆ ಮುಟ್ಟುವುದಿಲ್ಲ, ನೀವೇ ಸೀಟಿನಲ್ಲಿ ಜಾರುತ್ತೀರಿ.

ಮುಂದಕ್ಕೆ ಹೋಗುವ ಹುಟ್ಟು ಸರಿಯಾಗಿ ಹಾಕುವುದು ಹೇಗೆ?

ಇದೊಂದು ಬಂದರೆ ಉಳಿದದ್ದೆಲ್ಲ ಇದರ ಬೆನ್ನಿಗೇ ಬರುತ್ತದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನಮ್ಮ ಹೊಳೆಗಳಲ್ಲಿ ಜಲ್ಲೆ ಊರಿ ದೋಣಿ ನಡೆಸುವವರನ್ನು ನೆನಪಿಸಿಕೊಳ್ಳಿ. ಜಲ್ಲೆ ಕೆಸರಿನಲ್ಲಿ ಊರಿದ ಜಾಗದಲ್ಲೇ ನಿಂತಿರುತ್ತದೆ, ಮುಂದೆ ಹೋಗುವುದು ದೋಣಿ. ಪ್ಯಾಡಲ್ ಕೂಡ ಹಾಗೆಯೇ. ನೀರನ್ನು ಹಿಂದಕ್ಕೆ ಎಸೆಯುವುದು ನಿಮ್ಮ ಕೆಲಸವಲ್ಲ. ಅಲಗನ್ನು ನೀರಿನಲ್ಲಿ ಊರಬೇಕು, ದೋಣಿಯನ್ನು ಅದರ ಹತ್ತಿರಕ್ಕೆ ತರಬೇಕು. ಹೀಗೆ ಯೋಚಿಸಲು ಶುರುಮಾಡಿದ ದಿನವೇ ಅನೇಕರ ಕೈ ನೋವು ಅರ್ಧಕ್ಕೆ ಇಳಿದದ್ದನ್ನು ಕಂಡಿದ್ದೇನೆ.

ಮೊದಲು ಊರುವುದು. ಬಲಗಡೆಗೆ ಹಾಕುವಾಗ ಬಲ ಭುಜ ಮುಂದಕ್ಕೆ ಬರುವಂತೆ ಸೊಂಟದಿಂದ ಮೇಲೆ ಇಡೀ ಮೈ ಎಡಕ್ಕೆ ತಿರುಗಲಿ. ಅಲಗನ್ನು ಪಾದದ ಪಕ್ಕದಲ್ಲಿ, ದೋಣಿಗೆ ಹತ್ತಿರವಾಗಿ, ಪೂರ್ತಿ ಮುಳುಗುವಷ್ಟು ಇಳಿಸಿ. ಗಟ್ಟಿ ಮೊಸರಿಗೆ ಚಮಚ ಇಳಿಸಿದಷ್ಟು ಸದ್ದಿಲ್ಲದೆ. ಛಳ್ ಎಂದು ನೀರು ಚಿಮ್ಮಿದರೆ ಅಲಗು ಮುಳುಗುವ ಮೊದಲೇ ಎಳೆದಿದ್ದೀರಿ.

ಆಮೇಲೆ ತಿರುಗುವುದು. ಇಲ್ಲಿ ತೋಳಿನಿಂದ ಎಳೆಯಬೇಡಿ. ತೋಳು ಹೆಚ್ಚುಕಡಿಮೆ ನೆಟ್ಟಗೇ ಇರಲಿ, ಎದೆಗೂಡು ಬಲಕ್ಕೆ ತಿರುಗಲಿ, ಬಲಗಾಲು ಆನಿಕೆಯನ್ನು ಒತ್ತಲಿ. ಹಗ್ಗ ಹಿಡಿದು ಮಜ್ಜಿಗೆ ಕಡೆಯುವವರನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ದೊಡ್ಡ ಹಂಡೆಯಲ್ಲಿ ಬಹಳ ಹೊತ್ತು ಕಡೆಯುವವರು ಬರಿಗೈಯಲ್ಲಿ ಎಳೆಯುವುದಿಲ್ಲ. ಒಂದು ಭುಜ ಹಿಂದೆ, ಒಂದು ಭುಜ ಮುಂದೆ, ಇಡೀ ಮೈ ತೂಗುತ್ತದೆ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ತೋಳಿನವುಗಳಿಗಿಂತ ದೊಡ್ಡವು, ಬೇಗ ಸೋಲುವುದಿಲ್ಲ. ಮೇಲಿನ ಕೈ, ಅಂದರೆ ಎಡಗೈ, ಗಲ್ಲದಿಂದ ಕಣ್ಣಿನ ಮಟ್ಟದೊಳಗೆ ಮುಂದಕ್ಕೆ ಸಾಗುತ್ತದೆ. ಅದು ದೋಣಿಯ ನಡುಗೆರೆ ದಾಟಿ ತೀರಾ ಆಚೆ ಹೋಗದಿರಲಿ.

ಕೊನೆಗೆ ಎತ್ತುವುದು. ಕೆಳಗಿನ ಕೈ ಸೊಂಟದ ಹತ್ತಿರ ಬಂದೊಡನೆ ಅಲಗನ್ನು ಪಕ್ಕಕ್ಕೆ ಸೀಳಿದಂತೆ ಹೊರತೆಗೆಯಿರಿ. ಹೊಸಬರೆಲ್ಲ ಮಾಡುವ ತಪ್ಪು ಇಲ್ಲಿದೆ. ಇನ್ನೂ ಹಿಂದಕ್ಕೆ, ಬೆನ್ನಿನ ಆಚೆಗೂ ಎಳೆಯುತ್ತಾರೆ. ಸೊಂಟ ದಾಟಿದ ಮೇಲೆ ಅಲಗು ನೀರನ್ನು ಮೇಲಕ್ಕೆ ಎತ್ತುತ್ತದೆ, ದೋಣಿಯ ಹಿಂಬದಿಯನ್ನು ಕೆಳಕ್ಕೆ ಜಗ್ಗುತ್ತದೆ, ಮೂತಿಯನ್ನು ತಿರುಗಿಸುತ್ತದೆ. ದಣಿವು ಹೆಚ್ಚು, ದೂರ ಕಡಿಮೆ. ಅಲಗು ಹೊರಬಂದಾಗ ನಿಮ್ಮ ಮೈ ಆಗಲೇ ಬಲಕ್ಕೆ ತಿರುಗಿ ನಿಂತಿರುತ್ತದೆ, ಎಡ ಭುಜ ಮುಂದಿರುತ್ತದೆ. ಎಡಗಡೆ ಊರಲು ನೀವು ಸಿದ್ಧ.

ಊರು, ತಿರುಗು, ಎತ್ತು. ವೇಗದ ಯೋಚನೆ ಮೊದಲ ವಾರ ಬೇಡವೇ ಬೇಡ.

ಸೊಂಟ ತಿರುಗುತ್ತಿದೆಯೋ ಇಲ್ಲವೋ ನನಗೇ ಹೇಗೆ ಗೊತ್ತಾಗಬೇಕು?

ಲೈಫ್ ಜಾಕೆಟ್‌ನ ಜಿಪ್ಪನ್ನು ಗಮನಿಸಿ. ಅದು ಒಮ್ಮೆ ಎಡದಡಕ್ಕೆ, ಒಮ್ಮೆ ಬಲದಡಕ್ಕೆ ಮುಖ ಮಾಡುತ್ತಿರಬೇಕು. ಯಾವಾಗಲೂ ದೋಣಿಯ ಮೂತಿಯನ್ನೇ ನೋಡುತ್ತಿದ್ದರೆ ಕೆಲಸ ಮಾಡುತ್ತಿರುವುದು ತೋಳು ಮಾತ್ರ.

ಒಂದು ಅಭ್ಯಾಸ ಹೇಳುತ್ತೇನೆ. ಐದು ನಿಮಿಷ ಎರಡೂ ಮೊಣಕೈ ಮಡಚದೆ, ಕೋಲಿನಂತೆ ನೆಟ್ಟಗಿಟ್ಟುಕೊಂಡು ಹುಟ್ಟು ಹಾಕಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಮೈ ತಿರುಗಿಸದೆ ಬೇರೆ ದಾರಿಯೇ ಇರುವುದಿಲ್ಲ. ಆಮೇಲೆ ಮೊಣಕೈಯನ್ನು ಸ್ವಲ್ಪ ಸಡಿಲಿಸಿ, ಅದೇ ತಿರುಗುವಿಕೆಯನ್ನು ಉಳಿಸಿಕೊಳ್ಳಿ. ನಾನು ಇಂದಿಗೂ ನೀರಿಗಿಳಿದ ಮೊದಲ ಕೆಲವು ನಿಮಿಷ ಹೀಗೆಯೇ ಶುರುಮಾಡುತ್ತೇನೆ.

ಮರುದಿನ ಎಲ್ಲಿ ನೋಯುತ್ತದೆ ಎಂಬುದೂ ಗುರುತು. ಪಕ್ಕೆ ಮತ್ತು ಬೆನ್ನಿನಲ್ಲಿ ಹದವಾದ ನೋವಿದ್ದರೆ ಸರಿಯಾಗಿ ಹಾಕಿದ್ದೀರಿ. ರಟ್ಟೆಯಲ್ಲಿ ಮಾತ್ರ ನೋವಿದ್ದರೆ ಇನ್ನೂ ತೋಳಿನಿಂದಲೇ ಎಳೆಯುತ್ತಿದ್ದೀರಿ. ಭುಜದ ಕೀಲಿನಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ನನ್ನ ದೋಣಿ ನೆಟ್ಟಗೆ ಹೋಗುವುದೇ ಇಲ್ಲ, ಯಾಕೆ?

ಮೂರು ಕಾರಣ ನೋಡಿ. ಒಂದು, ಒಂದು ಕೈಯ ಬಲ ಹೆಚ್ಚು, ಅಥವಾ ಒಂದು ಕಡೆ ಅಲಗು ಸೊಂಟ ದಾಟಿ ಹೋಗುತ್ತಿದೆ. ಎರಡು, ನೋಟ ಮೂತಿಯ ಮೇಲಿದೆ. ಎದುರು ದಡದ ಒಂದು ತೆಂಗಿನಮರವನ್ನು ಗುರುತು ಹಿಡಿದು ಅದನ್ನೇ ನೋಡುತ್ತಾ ಹೋಗಿ. ಮೂತಿ ಸರಿಯಲು ಶುರುವಾದಾಗಲೇ ಗೊತ್ತಾಗುತ್ತದೆ, ಆಗ ಒಂದು ಸಣ್ಣ ತಿದ್ದುಪಡಿ ಸಾಕು. ಪೂರ್ತಿ ತಿರುಗಿದ ಮೇಲೆ ಹತ್ತು ಸಲ ಹಾಕಿದರೂ ಸಾಲದು.

ಮೂರನೆಯದು ಗಾಳಿ. ಗಾಳಿ ಪಕ್ಕದಿಂದ ಬೀಸುವಾಗ, ಸಾಗುತ್ತಿರುವ ಕಯಾಕ್‌ನ ಮೂತಿ ತಾನಾಗಿ ಗಾಳಿಯ ಕಡೆಗೆ ತಿರುಗುತ್ತದೆ. ಮುಂಬದಿ ನೀರನ್ನು ಸೀಳುತ್ತಾ ಗಟ್ಟಿ ನಿಂತಿರುತ್ತದೆ, ಹಿಂಬದಿ ಸಡಿಲವಾಗಿ ಗಾಳಿಗೆ ಜಾರುತ್ತದೆ. ಇದು ನಿಮ್ಮ ತಪ್ಪಲ್ಲ. ಗಾಳಿ ಬರುವ ಬದಿಯಲ್ಲಿ ಹುಟ್ಟನ್ನು ಸ್ವಲ್ಪ ಅಗಲವಾಗಿ ಹಾಕಿ, ಅಥವಾ ಅದೇ ಬದಿಯ ಸೊಂಟವನ್ನು ಒಂದಿಷ್ಟು ಒತ್ತಿ ಕೂರಿ.

ತಿರುಗಿಸುವುದು, ನಿಲ್ಲಿಸುವುದು ಹೇಗೆ?

ತಿರುಗಿಸಲು ಗುಡಿಸುವ ಹುಟ್ಟು. ಅಂಗಳದಲ್ಲಿ ಹಿಡಿಸೂಡಿ ಬೀಸಿದಂತೆ, ಅಲಗನ್ನು ಪಾದದ ಪಕ್ಕದಿಂದ ತೆಗೆದು ದೊಡ್ಡ ಅರ್ಧವೃತ್ತದಲ್ಲಿ ದೋಣಿಯ ಹಿಂಬದಿಯವರೆಗೂ ಒಯ್ಯಿರಿ. ಈ ಹುಟ್ಟಿನಲ್ಲಿ ಮಾತ್ರ ಸೊಂಟ ದಾಟಬೇಕು. ಬಲಗಡೆ ಗುಡಿಸಿದರೆ ಮೂತಿ ಎಡಕ್ಕೆ. ಕಣ್ಣು ಅಲಗನ್ನು ಹಿಂಬಾಲಿಸಲಿ, ಮೈ ತಾನಾಗಿ ತಿರುಗುತ್ತದೆ. ನಿಂತಲ್ಲೇ ತಿರುಗಬೇಕಾದರೆ ಬಲಗಡೆ ಮುಂದಿನಿಂದ ಹಿಂದಕ್ಕೆ, ಎಡಗಡೆ ಹಿಂದಿನಿಂದ ಮುಂದಕ್ಕೆ, ಒಂದಾದ ಮೇಲೊಂದು.

ನಿಲ್ಲಿಸಲು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಿಮ್ಮುಖವಾಗಿ ಸಣ್ಣಸಣ್ಣ ಅದ್ದುಗಳು. ನಾಲ್ಕರಲ್ಲಿ ನಿಲ್ಲಬೇಕು. ಒಂದೇ ಕಡೆ ಜೋರಾಗಿ ಒತ್ತಿದರೆ ನಿಲ್ಲುವ ಬದಲು ಗಿರ್ರನೆ ತಿರುಗುತ್ತದೆ.

ದಡಕ್ಕೆ ಅಥವಾ ಗೆಳೆಯರ ದೋಣಿಗೆ ಪಕ್ಕದಿಂದ ಹತ್ತಿರವಾಗಲು ಅಲಗನ್ನು ಆ ಬದಿಯಲ್ಲಿ ಕೈಯಳತೆಯಷ್ಟು ದೂರ ಊರಿ, ದೋಣಿಯನ್ನು ಅದರ ಕಡೆಗೆ ತನ್ನಿ. ಅಲಗು ದೋಣಿಗೆ ತಾಗುವ ಒಂದು ಗೇಣು ಮೊದಲೇ ನಿಲ್ಲಿಸಿ, ತಾಗಿಬಿಟ್ಟರೆ ಅದು ದೋಣಿಯ ಅಡಿಗೆ ಸೇರಿ ನಿಮ್ಮನ್ನು ಎಳೆದುಹಾಕುತ್ತದೆ.

ಇಬ್ಬರು ಕೂರುವ ಕಯಾಕ್‌ನಲ್ಲಿ ಯಾರು ಎಲ್ಲಿ?

ಬಲ ಮತ್ತು ಅನುಭವ ಹೆಚ್ಚಿರುವವರು ಹಿಂದೆ. ದಿಕ್ಕು ಅವರ ಕೈಯಲ್ಲಿ. ಲಯ ಮುಂದಿನವರದ್ದು, ಏಕೆಂದರೆ ಹಿಂದಿನವರಿಗೆ ಮುಂದಿನವರು ಕಾಣುತ್ತಾರೆ. ಒಂದೇ ಬದಿಗೆ ಒಟ್ಟಿಗೆ ಊರಬೇಕು, ಇಲ್ಲದಿದ್ದರೆ ಪ್ಯಾಡಲ್‌ಗಳು ಬಡಿದಾಡುತ್ತವೆ.

ಮಗುಚಿದರೆ ಏನು ಮಾಡಬೇಕು?

ದೋಣಿಯನ್ನು ಬಿಡಬೇಡಿ. ದಡ ಹತ್ತಿರ ಕಂಡರೂ ಈಜಲು ಹೊರಡಬೇಡಿ. ಮಗುಚಿದ ಕಯಾಕ್ ತೇಲುತ್ತಿರುತ್ತದೆ, ಒಬ್ಬ ಮನುಷ್ಯನ ತಲೆಗಿಂತ ದೂರದಿಂದ ಕಾಣುತ್ತದೆ. ಒಂದು ಕೈ ದೋಣಿಯ ಮೇಲೆ, ಒಂದು ಕೈ ಪ್ಯಾಡಲ್ ಮೇಲೆ.

ಸಿಟ್-ಆನ್-ಟಾಪ್ ಆದರೆ ಅದರ ನಡುಭಾಗಕ್ಕೆ ಬನ್ನಿ. ತಳದ ಮೇಲಿಂದ ಕೈ ಚಾಚಿ ಆಚೆ ಬದಿಯ ಹಿಡಿ ಅಥವಾ ಪಟ್ಟಿಯನ್ನು ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ನೆಟ್ಟಗಾಗುತ್ತದೆ. ಆಮೇಲೆ ಕಾಲುಗಳನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಜೋರಾಗಿ ಒದೆಯುತ್ತಾ ಹೊಟ್ಟೆಯ ಮೇಲೆ ಅಡ್ಡಲಾಗಿ ಏರಿ. ಹೊಟ್ಟೆ ದೋಣಿಯ ಮೇಲೆ ಬಂದ ಮೇಲೆ ಮಗ್ಗುಲು ತಿರುಗಿ ಸೀಟಿನಲ್ಲಿ ಕೂರಿ, ಕೊನೆಯಲ್ಲಿ ಕಾಲು ಒಳಗೆ. ಹೊಟ್ಟೆ, ಕುಂಡೆ, ಕಾಲು, ಈ ಕ್ರಮ ತಪ್ಪಿದರೆ ಮತ್ತೆ ಮಗುಚುತ್ತದೆ.

ಒಳಗೆ ಕೂರುವ ಕಯಾಕ್ ಆದರೆ ತಲೆಕೆಳಗಾದ ಕೂಡಲೇ ಮುಂದಕ್ಕೆ ಬಾಗಿ, ನೀರುತಡೆಯ ಹೊದಿಕೆ ಹಾಕಿದ್ದರೆ ಅದರ ಮುಂದಿನ ಕುಣಿಕೆ ಎಳೆದು ಬಿಚ್ಚಿ, ಎರಡೂ ಕೈಗಳಿಂದ ಸೊಂಟದ ಪಕ್ಕದಲ್ಲಿ ದೋಣಿಯನ್ನು ತಳ್ಳಿ, ಪ್ಯಾಂಟು ಕಳಚಿದಂತೆ ಹೊರಬನ್ನಿ. ಇದನ್ನು ಬಲ್ಲವರ ಪಕ್ಕದಲ್ಲಿ ಅಭ್ಯಾಸ ಮಾಡದೆ ಆಳದ ನೀರಿಗೆ ಹೋಗಬಾರದು.

ಮೊದಲ ದಿನವೇ ಬೇಕೆಂದೇ ಎರಡು ಸಲ ಮಗುಚಿ ಹತ್ತಿ ನೋಡಿ. ಮಗುಚುವ ಭಯ ಇಟ್ಟುಕೊಂಡವರು ದೋಣಿಯ ಅಂಚನ್ನೇ ಹಿಡಿದು ಬಿಗಿಯಾಗಿ ಕೂರುತ್ತಾರೆ, ಅವರ ಸೊಂಟ ತಿರುಗುವುದೇ ಇಲ್ಲ. ನೀರಿಗೆ ಬಿದ್ದು ಎದ್ದವರ ಹುಟ್ಟು ಆ ಗಂಟೆಯಲ್ಲೇ ಬದಲಾಗುತ್ತದೆ.

ಹಿನ್ನೀರಿನಲ್ಲಿ ಭರತ, ಇಳಿತದ ಲೆಕ್ಕ ಬೇಕೇ?

ಬೇಕು. ಕಡಲಿಗೆ ಸೇರಿದ ಹೊಳೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಒಂದೊಂದೂ ಸುಮಾರು ಆರು ಗಂಟೆ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಸೆಳೆತವೂ ಹೆಚ್ಚು. ಸಾಮಾನ್ಯವಾಗಿ ಇಳಿತದ ನಡುವಿನ ಎರಡು ಗಂಟೆಗಳಲ್ಲಿ ನೀರು ಅತಿ ಜೋರಾಗಿ ಓಡುತ್ತದೆ.

ಹೊಸಬರು ಗಂಟೆಗೆ ನಾಲ್ಕು ಕಿಲೋಮೀಟರ್ ಸಾಗಿದರೆ ಹೆಚ್ಚು. ಅಳಿವೆಯ ಬಾಯಿಯಲ್ಲಿ ಇಳಿತದ ಸೆಳೆತ ಅದನ್ನು ಪೂರ್ತಿ ನುಂಗಿಹಾಕಬಹುದು. ಒಮ್ಮೆ ಇಳಿತದ ಜೊತೆ ಹಗುರವಾಗಿ ಕೆಳಗೆ ಹೋಗಿ, ಅರ್ಧ ಗಂಟೆಯ ದಾರಿಯನ್ನು ಮರಳಲು ನಾನು ಎರಡು ಗಂಟೆ ಹುಟ್ಟು ಹಾಕಿದ್ದೇನೆ. ಅಂದಿನಿಂದ ನನ್ನ ನಿಯಮ: ಹೋಗುವಾಗ ಸೆಳೆತಕ್ಕೆ ಎದುರಾಗಿ, ಬರುವಾಗ ಅದರ ಜೊತೆ. ಸೆಳೆತಕ್ಕೆ ಎದುರಾಗಿ ಹೋಗಲೇಬೇಕಾದರೆ ನಡುಹೊಳೆ ಬಿಟ್ಟು ದಡದ ಮಗ್ಗುಲಲ್ಲಿ ಸಾಗಿ, ಅಲ್ಲಿ ನೀರು ನಿಧಾನ. ಹೊರಡುವ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ. ಅಳಿವೆ ಬಾಯಿಯ ಹತ್ತಿರ ಹೋಗಬೇಡಿ ಎಂದರೆ ಮಾತು ಬೆಳೆಸದೆ ಒಪ್ಪಿಕೊಳ್ಳಿ.

ಯಾವ ಹೊತ್ತು, ಯಾವ ಕಾಲ?

ಬೆಳಿಗ್ಗೆ ಬೇಗ. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಎದ್ದು ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ನವೆಂಬರ್‌ನಿಂದ ಮಾರ್ಚ್ ಕಲಿಯಲು ಹದವಾದ ಕಾಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿದರೆ ಕೂಡಲೇ ದಡಕ್ಕೆ. ಮಳೆಗಾಲದಲ್ಲಿ ಈ ಹೊಳೆಗಳು ಹೊಸಬರಿಗಲ್ಲ. ಯಾಂತ್ರೀಕೃತ ಮೀನುಗಾರಿಕೆಯೇ ಜೂನ್, ಜುಲೈಯಲ್ಲಿ ನಿಲ್ಲುತ್ತದೆ.

ಬೇಗ ಒಣಗುವ ಉದ್ದ ತೋಳಿನ ಅಂಗಿ, ದಾರವಿರುವ ಟೊಪ್ಪಿ, ಹಿಂದೆ ಪಟ್ಟಿಯಿರುವ ಚಪ್ಪಲಿ, ಕುಡಿಯುವ ನೀರು, ಒಂದು ಸೀಟಿ ಜೊತೆಗಿರಲಿ. ಕಾಂಡ್ಲಾ ಬೇರುಗಳಿಗೆ ಹತ್ತಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ, ಬರಿಗಾಲಲ್ಲಿ ಇಳಿಯಬೇಡಿ. ಬೇರುಗಳ ಮೇಲೆ ದೋಣಿ ಹತ್ತಿಸುವುದೂ ಬೇಡ. ಮೀನುಮರಿಗಳು ಬೆಳೆಯುವ ತೊಟ್ಟಿಲು ಅದು.

ದಾಂಡೇಲಿಯ ಕಾಳಿ ನದಿಯಲ್ಲಿ ಯಾವಾಗ ಇಳಿಯಬಹುದು?

ಗಣೇಶಗುಡಿಯ ಕೆಳಗೆ ನೊರೆನೀರಿನ ಇಳಿಜಾರುಗಳಿವೆ. ಮೇಲೆ ಸೂಪಾ ಅಣೆಕಟ್ಟು ಇರುವುದರಿಂದ ಬಿಟ್ಟ ನೀರಿನ ಪ್ರಮಾಣದ ಮೇಲೆ ಹೊಳೆಯ ರಭಸ ಬದಲಾಗುತ್ತದೆ. ಅಲ್ಲಿನ ವಿದ್ಯೆಯೇ ಬೇರೆ: ಹೆಲ್ಮೆಟ್ ಬೇಕು, ಗಿಡ್ಡ ಕಯಾಕ್ ಬೇಕು, ಮಗುಚಿದಾಗ ಹೊರಬರದೆ ನೀರಿನಡಿಯಿಂದಲೇ ಮೇಲೇಳುವ ರೋಲ್ ಬೇಕು. ನಿಂತ ನೀರಿನಲ್ಲಿ ಒಂದು ಋತು ಕಳೆದ ಮೇಲೆ, ಗುರುವಿನ ಜೊತೆ ಮಾತ್ರ.

ನೀರು ದೂರದಲ್ಲಿದೆ. ಮನೆಯಲ್ಲಿ ಅಭ್ಯಾಸ ಮಾಡಬಹುದೇ?

ಮಾಡಬಹುದು. ನೆಲದ ಮೇಲೆ ಕಾಲು ಚಾಚಿ, ಪಾದಗಳನ್ನು ಗೋಡೆಗೆ ಆನಿಸಿ ಕೂತು, ಕೈಯಲ್ಲಿ ಒಂದು ಕೋಲು ಹಿಡಿದುಕೊಳ್ಳಿ. ತೋಳು ನೆಟ್ಟಗಿಟ್ಟು ಮೈ ತಿರುಗಿಸಿ, ಬಲಕ್ಕೆ ತಿರುಗುವಾಗ ಬಲಪಾದ ಗೋಡೆಯನ್ನು ಒತ್ತಲಿ, ಎಡಕ್ಕೆ ತಿರುಗುವಾಗ ಎಡಪಾದ. ದಿನಕ್ಕೆ ಐದು ನಿಮಿಷ. ಎರಡು ವಾರ ಹೀಗೆ ಮಾಡಿ ಹೊಳೆಗೆ ಬಂದವರಿಗೆ ಸೊಂಟ ತಿರುಗಿಸಿ ಎಂದು ಮತ್ತೆ ಹೇಳುವ ಪ್ರಸಂಗ ನನಗೆ ಬಂದಿಲ್ಲ.